ಹಿಡಿದಿಟ್ಟ ಸೀಟು

ನಾವಿಬ್ಬರು ಗೆಳತಿಯರೂ ಒಂದೇ ಮಧ್ಯಾಹ್ನ, ಒಂದೇ ಲ್ಯಾಪ್‌ಟಾಪಿನಲ್ಲಿ ಅರ್ಜಿ ಹಾಕಿದೆವು. ಮೊದಲು ಅವಳದು, ಆಮೇಲೆ ನನ್ನದು. ಜೇವರ್ಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ನಾವು ಖಾಲಾ ಎಂದು ಕರೆಯುತ್ತಿದ್ದ ವಯಸ್ಸಾದ ಹೆಂಗಸೊಬ್ಬರ ಮನೆಯ ಮಾಳಿಗೆಯ ಮೇಲೆ ನಮ್ಮ ಬಾಡಿಗೆ ಕೋಣೆ. ಲ್ಯಾಪ್‌ಟಾಪ್ ನನ್ನದು, ಅರ್ಜಿಯ ಇಂಗ್ಲಿಷು ಅವಳದು. ನನ್ನ ಪ್ರಬಂಧದ ಮೊದಲ ಪ್ಯಾರಾವನ್ನು ಅವಳೇ ಬರೆದುಕೊಟ್ಟಳು. ಇದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮುಂದೆ ಹೋದಂತೆ ಹೇಳುವ ಧೈರ್ಯ ಸಾಲದೆ ಹೋಗಬಹುದು.

ಅವಳು ಜೇವರ್ಗಿ ತಾಲೂಕಿನ ನೆಲೋಗಿಯವಳು. ಅವಳ ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಊರಾಚೆ ಒಂದಿಷ್ಟು ಒಣಭೂಮಿ, ಅದರಲ್ಲಿ ತೊಗರಿ. ನಾನು ಅಫಜಲಪುರ ತಾಲೂಕಿನ ಕರಜಗಿಯವಳು. ನನ್ನಪ್ಪ ಕರೆಂಟಿನ ಕಂಬ ಹತ್ತುವ ಲೈನ್‌ಮನ್. ನಮ್ಮ ಕಡೆ ನೀರಿದ್ದಲ್ಲೆಲ್ಲ ಕಬ್ಬು. ತೊಗರಿಯನ್ನು ನಾನು ಹೊಲದಲ್ಲಿ ನೋಡಿದ್ದಕ್ಕಿಂತ ತಾಟಿನಲ್ಲಿ ನೋಡಿದ್ದೇ ಹೆಚ್ಚು. ಕಲಬುರಗಿಯಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುವಾಗ ಒಂದೇ ಬೆಂಚಿನ ಮೇಲೆ ಕೂತು ಗೆಳತಿಯರಾದವರು, ಓದು ಮುಗಿದ ಮೇಲೆ ಜೇವರ್ಗಿಯ ಕಾಲೇಜೊಂದರಲ್ಲಿ ಇಬ್ಬರೂ ಅತಿಥಿ ಉಪನ್ಯಾಸಕಿಯರಾಗಿ ಸೇರಿದೆವು.

ತೊಗರಿಯ ನೆಟೆ ರೋಗವನ್ನು ನನಗೆ ತೋರಿಸಿದವಳು ಅವಳು. ಮೊದಲ ಸಲ ನೆಲೋಗಿಗೆ ಹೋದಾಗ, ಹೂವಾಡುವ ಹೊತ್ತಿಗೆ ಬಾಡಿ ನಿಂತಿದ್ದ ಒಂದು ಗಿಡವನ್ನು ಕಿತ್ತು, ಕಾಂಡ ಸೀಳಿ, ಒಳಗೆ ಹರಿದಿದ್ದ ಕಪ್ಪು ಗೆರೆಯನ್ನು ನನ್ನ ಮುಖದ ಹತ್ತಿರ ಹಿಡಿದಳು.

"ಮ್ಯಾಲಿಂದ ನೋಡಿದವರು ನೀರಿಲ್ದ ಬಾಡೇದ ಅಂತಾರ. ಬ್ಯಾನಿ ಬೇರಿನಾಗ ಅದ ಬೇ," ಎಂದಳು.

ಸುತ್ತಲಿನದೆಲ್ಲ ಬಾಡಿದರೂ ನಡುವೆ ಒಂದೊಂದು ಗಿಡ ಹಸಿರಾಗಿ ಉಳಿಯುವುದೇಕೆ? ಆ ಗಿಡದ ಬೇರಿನ ಮಣ್ಣಿನಲ್ಲಿ ಏನಿದೆ? ಇದು ಅವಳ ಪ್ರಶ್ನೆಯಾಗಿತ್ತು, ಬರಬರುತ್ತ ನನ್ನದೂ ಆಯಿತು. ಎರಡು ವರ್ಷ ರವಿವಾರಕ್ಕೊಮ್ಮೆ ಚೀಲ ಹಿಡಿದು ಹೊಲ ಸುತ್ತಿ ಮಣ್ಣು ತಂದೆವು. ಕಿಟಕಿಯ ಕೆಳಗೆ ಮಣ್ಣಿನ ಡಬ್ಬಿಗಳು ಸಾಲುಗಟ್ಟಿದವು. ಖಾಲಾ ಮೇಲೆ ಬಂದಾಗೊಮ್ಮೆ ಹಣೆ ಬಡಿದುಕೊಳ್ಳುತ್ತಿದ್ದರು: "ಬಳಿ ಡಬ್ಬಿ ಇಡೂ ವಯಸ್ಸಿನಾಗ ಮಣ್ಣಿನ ಡಬ್ಬಿ ಇಟ್ಕೊಂಡು ಕುಂತೀರಿ. ನಿಮ್ಮನ್ನ ಯಾರ್ ಮಾಡ್ಕೋತಾರ?"

ಆ ವರ್ಷ ನಾವು ಕಣ್ಣಿಟ್ಟದ್ದು ಎರಡು ಫೆಲೋಶಿಪ್‌ಗಳ ಮೇಲೆ. ಒಂದು ಸ್ಕಾಟ್ಲೆಂಡಿನದು. ಒಂದು ವರ್ಷದ ಓದು, ಹೋಗಿ ಬರುವ ವಿಮಾನದಿಂದ ಹಿಡಿದು ಊಟದವರೆಗೆ ಎಲ್ಲ ಅವರದೇ. ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲೇ ಇರಬೇಕೆಂಬ ಷರತ್ತು. ಇನ್ನೊಂದು ಜರ್ಮನಿಯದು. ಮೂರು ವರ್ಷದ ಸಂಶೋಧನೆ, ಕೊನೆಗೆ ಪಿಎಚ್.ಡಿ.; ಆದರೆ ಅಲ್ಲಿನ ಪ್ರಾಧ್ಯಾಪಕರೊಬ್ಬರು ಮೊದಲು ಒಪ್ಪಬೇಕು, ಆಮೇಲೆ ಅವರ ಕಚೇರಿ ಒಪ್ಪಬೇಕು. ಸ್ಕಾಟ್ಲೆಂಡಿಗೆ ಇಬ್ಬರೂ ಹಾಕಿದೆವು. ಜರ್ಮನಿಗೆ ನಾನೊಬ್ಬಳೇ.

"ನೀನೂ ಹಾಕ್ ಬೇ," ಎಂದು ಅವಳಿಗೆ ಹೇಳಿದ್ದೆ.

"ಮೂರು ವರ್ಷ ಅಂದ್ರ ನಮ್ಮನ್ಯಾಗ ಬಾಗಲಾನೇ ಹಾಕ್ತಾರ. ಒಂದು ವರ್ಷಕ್ಕ ಹೂಂ ಅನಿಸೇನಿ. ಅಷ್ಟಕ್ಕ ಎಷ್ಟ್ ತಿಂಗಳ ಹಿಡೀತು ನಿಂಗೊತ್ತಿಲ್ಲ," ಎಂದಳು.

ಇಂಗ್ಲಿಷ್ ಪರೀಕ್ಷೆ ಬರೆಯಲು ಇಬ್ಬರೂ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಬಂದೆವು. ಅವಳಿಗೆ ಜ್ವರ. ಆದರೂ ನನಗಿಂತ ಹೆಚ್ಚು ಅಂಕ ಬಂದದ್ದು ಅವಳಿಗೇ. ಇಬ್ಬರನ್ನೂ ಸಂದರ್ಶನಕ್ಕೆ ಕರೆದರು. ಒಬ್ಬಳು ಲ್ಯಾಪ್‌ಟಾಪಿನ ಮುಂದೆ ಕೂತಾಗ ಇನ್ನೊಬ್ಬಳು ಕೆಳಗೆ ಖಾಲಾನ ಜೊತೆ ಮೆಟ್ಟಿಲ ಮೇಲೆ ಕೂತಿರಬೇಕು ಎಂದು ಮಾತಾಗಿತ್ತು. ಕೊನೆಯಲ್ಲಿ ನನ್ನನ್ನು ಕೇಳಿದರು: ಮನೆಯವರ ಒಪ್ಪಿಗೆ ಇದೆಯೇ, ನಡುವೆ ಏನಾದರೂ ಅಡ್ಡಿ ಬಂದೀತೇ? ಪೂರ್ತಿ ಒಪ್ಪಿಗೆ ಇದೆ ಎಂದೆ. ಆ ಹೊತ್ತಿಗೆ ಅವ್ವ ನನ್ನ ಜೊತೆ ಮಾತು ಬಿಟ್ಟು ಹತ್ತು ದಿನವಾಗಿತ್ತು. ಅವಳನ್ನೂ ಅದನ್ನೇ ಕೇಳಿದರಂತೆ. ಇಳಿದು ಬಂದವಳು, "ಮನಿ ಬಗ್ಗೆ ಕೇಳಿದ್ರು. ಇದ್ದದ್ದು ಇದ್ದಂಗ ಹೇಳಿದೆ," ಎಂದಳು. ಏನು ಇದ್ದದ್ದು ಎಂದು ನಾನು ಕೇಳಲಿಲ್ಲ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಖಾಲಾ ಶರಬತ್ತು ಮಾಡಿಟ್ಟಿದ್ದರು, ಕುಡಿದೆವು.

ಬೇಸಿಗೆ ರಜೆಗೆ ಅವಳು ನೆಲೋಗಿಗೆ, ನಾನು ಕರಜಗಿಗೆ ಹೋದೆವು. ಒಂದು ಮುಂಜಾನೆ ಸ್ಕಾಟ್ಲೆಂಡಿನಿಂದ ಮೇಲ್ ಬಂತು. ನಾನು ಆಯ್ಕೆಯಾಗಿದ್ದೆ. ಎರಡು ಸಲ ಓದಿ, ಅವ್ವನನ್ನು ಕೂಗಬೇಕು ಎನ್ನುವಷ್ಟರಲ್ಲಿ ಅವಳದೇ ಫೋನು.

"ನಂದು ಕಾಯೂ ಪಟ್ಟಿನಾಗ ಬಂದದ. ಈ ವಿಷಯಕ್ಕ ನಮ್ಮ ಕಡಿಂದ ಒಬ್ಬರನ್ನೇ ತಗೊಂಡಾರಂತ. ಅವರು ಬಿಟ್ರ ಮುಂದಿನ ಹೆಸರು ನಂದಂತ," ಎಂದಳು. ದನಿ ಗಟ್ಟಿಯಾಗಿಯೇ ಇತ್ತು. ಆಮೇಲೆ, "ನಿಂದು?" ಎಂದಳು.

"ನಂದಿನ್ನಾ ಏನೂ ಬಂದಿಲ್ಲ ಬೇ," ಎಂದೆ.

ಯಾಕೆ ಹಾಗೆಂದೆ ಎಂದು ಈ ವರ್ಷಗಳಲ್ಲಿ ಎಷ್ಟೋ ಸಲ ಯೋಚಿಸಿದ್ದೇನೆ. ಅವಳ ಮನಸ್ಸಿಗೆ ನೋವಾಗಬಾರದು ಅಂತ, ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸ್ವಲ್ಪ ನಿಜ. ವಿಮಾನ ಹತ್ತುವವರೆಗೆ ಯಾರ ಮುಂದೆಯೂ ಬಾಯಿ ಬಿಡಬೇಡ, ದೃಷ್ಟಿಯಾಗುತ್ತದೆ ಎಂದು, ಮತ್ತೆ ಮಾತಿಗೆ ಬಂದಿದ್ದ ಅವ್ವ ಹೇಳಿದ್ದಳು. ಅದೂ ಸ್ವಲ್ಪ ನಿಜ. ಉಳಿದದ್ದು ಇಷ್ಟೇ: ಆ ಒಬ್ಬಳು ನಾನು ಎಂದು ಹೇಳಿದರೆ, ನೀನು ತಗೊಳ್ಳುತ್ತೀಯಾ ಬಿಡುತ್ತೀಯಾ ಎಂದು ಅವಳು ಕೇಳುತ್ತಾಳೆ. ಆ ಪ್ರಶ್ನೆ ನನಗೆ ಬೇಡವಾಗಿತ್ತು.

ಒಂದು ವಾರಕ್ಕೆ ಜರ್ಮನಿಯ ಪ್ರಾಧ್ಯಾಪಕರ ಮೇಲ್ ಬಂತು. ನಿನ್ನನ್ನು ತೆಗೆದುಕೊಳ್ಳಲು ಇಷ್ಟವಿದೆ, ಕಚೇರಿಯ ಸಹಿ ಒಂದು ಬಾಕಿ ಇದೆ, ಎರಡು ವಾರ ಕಾಯಬೇಕು ಎಂದಿದ್ದರು. ಇದನ್ನು ಮಾತ್ರ ಅವಳಿಗೆ ಹೇಳಿದೆ. ಫೋನಿನಲ್ಲಿ ಅವಳು ಕಿರುಚಿದ ಸದ್ದು ಪಕ್ಕದಲ್ಲಿದ್ದ ಅವ್ವನಿಗೂ ಕೇಳಿಸಿತು.

ಎರಡು ವಾರ ಕಳೆಯಿತು, ಸಹಿ ಆಗಲಿಲ್ಲ. ಇನ್ನೆರಡು ವಾರ ಎಂದರು. ಸ್ಕಾಟ್ಲೆಂಡಿನವರು ಒಪ್ಪಿಗೆ ಕೊಡಲು ದಿನ ಗೊತ್ತುಮಾಡಿದ್ದರು. ಮನೆಯಲ್ಲಿ ಅನಾರೋಗ್ಯವೆಂದು ಸುಳ್ಳು ಬರೆದು ಹತ್ತು ದಿನ ಮುಂದೂಡಿಸಿಕೊಂಡೆ. ಕಲಬುರಗಿಗೆ ಹೋಗಿ, ಎಂ.ಎಸ್ಸಿ.ಯಲ್ಲಿ ನನಗೆ ಗೈಡ್ ಆಗಿದ್ದ ಸರ್ ಅವರನ್ನು ಕೇಳಿದೆ.

"ಜರ್ಮನಿದು ಕಾಗದ ಕೈಗೆ ಬರೂತನಾ ಸ್ಕಾಟ್ಲೆಂಡಿಂದು ಬಿಡಬ್ಯಾಡಮ್ಮ. ಬಿಟ್ಟು, ನಾಳೆ ಅದೂ ತಪ್ಪಿದ್ರ? ಎಲ್ಲಾರೂ ಹಿಂಗೇ ಮಾಡ್ತಾರ, ಇದರಾಗ ತಪ್ಪೇನಿಲ್ಲ," ಎಂದರು.

ಕಾಯುವ ಪಟ್ಟಿಯಲ್ಲಿ ಯಾರಿದ್ದಾರೆಂದು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರ ಸಲಹೆ ಬೇರೆಯಾಗುತ್ತಿತ್ತೇನೋ. ಅವಳೂ ಅವರ ವಿದ್ಯಾರ್ಥಿನಿಯೇ.

ಮನೆಯಲ್ಲಿ ದಿನಾ ಅದೇ ಮಾತು. ಅಪ್ಪನಿಗೆ ಸ್ಕಾಟ್ಲೆಂಡ್ ಇಷ್ಟ. "ಒಂದು ವರ್ಷ ಅಂದ್ರ ಕಣ್ಣು ಮುಚ್ಚಿ ತೆಗೆಯೂದ್ರಾಗ ಆಗತದ. ಹೋಗಿ ಬಂದುಬಿಡು," ಎನ್ನುತ್ತಿದ್ದ. ಅವ್ವನಿಗೆ ಎರಡೂ ಇಷ್ಟವಿರಲಿಲ್ಲ. ನನಗೆ ಜರ್ಮನಿ ಬೇಕಿತ್ತು. ಮೊದಲ ದಿನದಿಂದಲೂ ಬೇಕಿದ್ದುದು ಅದೇ. ಒಂದು ವರ್ಷದ ಓದು ಮುಗಿಸಿ ಮತ್ತೆ ಜೇವರ್ಗಿಯ ಅದೇ ಕೋಣೆಗೆ, ವರ್ಷವರ್ಷ ನವೀಕರಿಸುವ ಅದೇ ಅತಿಥಿ ಕೆಲಸಕ್ಕೆ ಬರುವುದನ್ನು ನೆನೆಸಿಕೊಳ್ಳಲೂ ಮನಸ್ಸು ಒಪ್ಪುತ್ತಿರಲಿಲ್ಲ. ಅಂದರೆ ಆಯ್ಕೆ ಮಾಡುವುದೇನೂ ಉಳಿದಿರಲಿಲ್ಲ. ಬೇಡದ ಸೀಟನ್ನು ಒಂದು ಹೆದರಿಕೆಗಾಗಿ ಹಿಡಿದುಕೊಂಡು ಕೂತಿದ್ದೆ, ಅಷ್ಟೇ. ಎರಡನೇ ಸಲವೂ ದಿನ ಮುಂದೂಡಿಸಿಕೊಂಡೆ. ಇದೇ ಕೊನೆ ಎಂದು ಅವರು ಸಭ್ಯವಾಗಿ ಬರೆದರು.

ಆಗ ಅವಳು ಕಾರಹುಣ್ಣಿಮೆಗೆ ಕರೆದಳು. "ಒಂದಿನ ಬಂದು ಹೋಗ್ ಬೇ. ಎಲ್ಲಿ ಹೋಗ್ತೀವೋ ಏನೋ, ಮತ್ಯಾವಾಗ ಕೂಡ್ತೀವೋ."

ಜೇವರ್ಗಿಯಲ್ಲಿ ಬಸ್ಸು ಬದಲಿಸಿ ನೆಲೋಗಿಗೆ ಹೋದೆ. ಮನೆ ತುಂಬ ಜನ. ಹೋಳಿಗೆಯ ಊಟ. ಅವಳ ಅವ್ವನ ತಮ್ಮ, ಅಂದರೆ ಅವಳ ಸೋದರಮಾವ, ಆಳಂದದಿಂದ ಬಂದಿದ್ದ. ಅಲ್ಲಿ ಗೊಬ್ಬರ, ಔಷಧಿಯ ಅಂಗಡಿ ಇಟ್ಟವನು, ಮೂವತ್ತು ದಾಟಿದ, ಮಾತು ಕಡಿಮೆ. ಪಡಸಾಲೆಯ ಮೂಲೆಯಲ್ಲಿ ಹೊಸ ಸೀರೆಯ ಚೀಲಗಳಿದ್ದವು. ಹಬ್ಬಕ್ಕೆಂದುಕೊಂಡೆ.

ಊಟವಾದ ಮೇಲೆ ಅವಳು ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಇನ್ನೂ ಬಿತ್ತಿರಲಿಲ್ಲ. ಹರಗಿದ ಕರಿ ಮಣ್ಣು ಬಿಸಿಲಿಗೆ ಬಿರಿದು ಬಿದ್ದಿತ್ತು. ಬದುವಿನ ಬೇವಿನ ಗಿಡದ ಕೆಳಗೆ ಕೂತೆವು. ಬಹಳ ಹೊತ್ತು ಅವಳು ಕಾಲ ಹತ್ತಿರದ ಹೆಂಟೆಗಳನ್ನು ಒಡೆಯುತ್ತ ಕೂತಿದ್ದಳು.

"ಸ್ಕಾಟ್ಲೆಂಡಿನವರು ನಿಂಗ ಏನರ ಬರದಾರೇನು?" ಎಂದಳು.

"ಇಲ್ಲ."

"ಒಟ್ಟ ಏನೂ ಇಲ್ಲ?"

"ಇಲ್ಲ ಬೇ. ಅದು ನಂಗ ಸಿಗೂದಿಲ್ಲ ಬಿಡು."

ಅವಳು ನನ್ನ ಮುಖ ನೋಡಿದಳು. ನಾನು ಹೊಲ ನೋಡಿದೆ.

"ಹಂಗಾದ್ರ ಅದನ್ನ ಯಾರೋ ಹಿಡ್ಕೊಂಡು ಕುಂತಾರ," ಎಂದಳು. "ಹೂಂ ಅನ್ನವಲ್ಲರು, ಒಲ್ಲೆ ಅನ್ನವಲ್ಲರು. ಇರ್ಲಿ, ಅವರಿಗೂ ಏನೋ ಕಾರಣ ಇರತದ."

ಕೈಯ ಮಣ್ಣು ಕೊಡವಿ ಎದ್ದಳು. ಬಸ್ಸಿನವರೆಗೆ ಬಂದು ನನ್ನನ್ನು ಹತ್ತಿಸಿದಳು. ಕಿಟಕಿಯಿಂದ ಕೈ ಮಾಡಿದೆ. ಅವಳಾಗಲೇ ತಿರುಗಿ ನಡೆಯುತ್ತಿದ್ದಳು.

ಮೂರನೇ ದಿನ ಜರ್ಮನಿಯ ಸಹಿಯಾದ ಕಾಗದ ಬಂತು. ಅದನ್ನು ಓದಿ ಮುಗಿಸಿದವಳೇ, ಮೊದಲೇ ಬರೆದಿಟ್ಟುಕೊಂಡಿದ್ದ ನಾಲ್ಕು ಸಾಲುಗಳನ್ನು ಸ್ಕಾಟ್ಲೆಂಡಿಗೆ ಕಳಿಸಿದೆ. ನಿಮ್ಮ ಕೃಪೆಗೆ ಕೃತಜ್ಞಳು, ಆದರೆ ಸ್ವೀಕರಿಸಲಾಗುತ್ತಿಲ್ಲ. ಮೈ ಹಗುರಾಯಿತು. ಈಗ ಆ ಸೀಟು ಅವಳಿಗೆ ಹೋಗುತ್ತದೆ, ಇಬ್ಬರೂ ಹೋಗುತ್ತೇವೆ, ಯಾರಿಗೂ ನಷ್ಟವಿಲ್ಲ ಎಂದುಕೊಂಡೆ. ಅವ್ವನಿಗೆ ಹೇಳಿ ಶಿರಾ ಮಾಡಿಸಿದೆ. ಅಪ್ಪ ಕೆಲಸದ ಬಟ್ಟೆಯಲ್ಲೇ ಕೂತು ತಿಂದ. ಅವಳಿಂದ ಯಾವಾಗ ಫೋನು ಬರುತ್ತದೆಂದು ಕಾಯುತ್ತ ಕೂತೆ.

ಫೋನು ಬಂದದ್ದು ಎರಡು ದಿನ ಬಿಟ್ಟು.

"ಅವರು ಯಾರೋ ಸೀಟು ಬಿಟ್ರಂತ. ನಂಗ ಕರದಾರ," ಎಂದಳು.

"ಭಾಳ ಚಲೋ ಆತು ಬೇ! ಯಾವಾಗ ಹೊಂಟಿ?"

"ಒಲ್ಲೆ ಅಂತ ಬರದೆ. ಈಗ ಬರದು ನಿಂಗ ಫೋನ್ ಹಚ್ಚೇನಿ."

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಕಾರಹುಣ್ಣಿಮೆಯ ಸಂಜೆ, ನನ್ನ ಬಸ್ಸು ಹೋದ ಮೇಲೆ, ಸೋದರಮಾವನ ಜೊತೆ ಅವಳ ನಿಶ್ಚಯವಾಗಿತ್ತು. ಆಷಾಢ ಹಿಡಿಯುವ ಮೊದಲೇ ಮದುವೆ. ಇಷ್ಟು ಹೇಳಿ, "ಅವ್ವ ಕರಿಯಾಕತ್ತಾಳ, ಇಡ್ತೇನಿ," ಎಂದು ಇಟ್ಟುಬಿಟ್ಟಳು.

ಮರುದಿನವೇ ನೆಲೋಗಿಗೆ ಓಡಿದೆ. ಅವಳು ಒಳಗಿದ್ದಳು, ಹೊರಗೆ ಬರಲಿಲ್ಲ. ಅವಳ ಅಪ್ಪ ಶಾಲೆಯಿಂದ ಆಗತಾನೇ ಬಂದು, ಕೈಯ ಸೀಮೆಸುಣ್ಣದ ಧೂಳನ್ನೂ ತೊಳೆಯದೆ ಕಟ್ಟೆಯ ಮೇಲೆ ಕೂತಿದ್ದರು.

"ಮಾಸ್ತರ್, ಒಂದೇ ವರ್ಷದ ಮಾತ್ರಿ. ಲಗ್ನ ಒಂದು ವರ್ಷ ಮುಂದ ಹಾಕ್ರಿ. ಇಂಥಾ ಸೀಟು ಮತ್ತ ಸಿಗೂದಿಲ್ಲರಿ," ಎಂದು ಬೇಡಿದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ತಂಗಿ, ಎರಡು ವರ್ಷದಿಂದ ಅವ ಕಾಯ್ಲಾಕತ್ತಿದ್ದ. ಇಕಿ ಒಲ್ಲೆ ಓದ್ತೇನಿ ಅಂತಿದ್ಳು. ಕಡೀಕ ನಾ ಎಲ್ಲಾರನೂ ಕೂಡಿಸಿ ಒಂದು ಮಾತು ಮಾಡಿದೆ. ಕಾರಹುಣ್ಣಿಮಿತನಾ ಫಾರೆನ್ ಕಾಗದ ಬಂದ್ರ ಇಕಿ ಹೋಗ್ಲಿ, ಅವ ಬ್ಯಾರೆ ಹೆಣ್ಣು ನೋಡ್ಕೊಳ್ಳಿ. ಬರಲಿಲ್ಲಂದ್ರ ಇಕಿ ಹೂಂ ಅನ್ನಬೇಕು. ಇಕೀನೂ ಒಪ್ಪಿದ್ಳು. ಇದೇ ಮಾತು ಆ ಇಂಟರ್‌ವ್ಯೂದಾಗೂ ಹೇಳ್ಯಾಳಂತ, ಹುಚ್ಚಿ."

ಕೈಯ ಧೂಳು ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ಐದು ದಿನ ಮೊದಲ ಬಂದಿದ್ರ ನಾನೇ ಹೈದರಾಬಾದಿಗೆ ಹೋಗಿ ವಿಮಾನ ಹತ್ತಿಸಿ ಬರ್ತಿದ್ದೆ. ಈಗ ಹತ್ತು ಮಂದಿ ಮುಂದ ಅಕ್ಷತಿ ಬಿದ್ದಾವ. ಕೊಟ್ಟ ಮಾತು ನಾ ಹ್ಯಾಂಗ ತಿರುಗಿ ತಗೊಳ್ಳಲಿ?"

ಆ ಸೀಟನ್ನು ಐದು ವಾರ ನನ್ನ ಹತ್ತಿರ ಇಟ್ಟುಕೊಂಡಿದ್ದೆ. ಅದನ್ನು ಅಲ್ಲಿ, ಆ ಕಟ್ಟೆಯ ಮೇಲೆ, ಅವರ ಮುಂದೆ ಹೇಳಬಹುದಿತ್ತು. ತಪ್ಪು ಮಗಳದಲ್ಲ, ಸ್ಕಾಟ್ಲೆಂಡಿನವರದಲ್ಲ, ನನ್ನದು ಎಂದಿದ್ದರೆ ಅವರು ಒಮ್ಮೆಯಾದರೂ ಹೆಂಡತಿಯ ತಮ್ಮನನ್ನು ಕರೆಸಿ ಮಾತಾಡುತ್ತಿದ್ದರೋ ಏನೋ. ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಮದುವೆಗೆ ಹೋಗಿದ್ದೆ. ಅವಳು ನಕ್ಕಳು, ಫೋಟೋಕ್ಕೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಜೇವರ್ಗಿಯ ಕೋಣೆ ಖಾಲಿ ಮಾಡಲು ಮಾತ್ರ ಬರಲಿಲ್ಲ. ಅವಳ ಹಾಸಿಗೆ, ಪುಸ್ತಕಗಳನ್ನು ನಾನೇ ಕಟ್ಟಿ ನೆಲೋಗಿಯ ಬಸ್ಸಿಗೆ ಹಾಕಿದೆ. ಮಣ್ಣಿನ ಡಬ್ಬಿಗಳನ್ನು ಏನು ಮಾಡುವುದೆಂದು ತಿಳಿಯದೆ ಅವಳಿಗೆ ಫೋನು ಮಾಡಿದರೆ, "ಖಾಲಾಗ ಕೊಡು, ಹೂವಿನ ಕುಂಡಕ್ಕ ಹಾಕ್ಕೋತಾರ," ಎಂದಳು. ಖಾಲಾ ಅವನ್ನೆಲ್ಲ ಅಂಗಳದ ಗುಲಾಬಿ ಕುಂಡಗಳಿಗೆ ಸುರಿದುಕೊಂಡರು.

ಜರ್ಮನಿಯ ಮೂರು ವರ್ಷದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಪ್ರಯೋಗಾಲಯ ಒಳ್ಳೆಯದಿತ್ತು, ಪ್ರಾಧ್ಯಾಪಕರು ಒಳ್ಳೆಯವರಿದ್ದರು. ಚಳಿಗಾಲದಲ್ಲಿ ನಾಲ್ಕೂವರೆಗೆ ಕತ್ತಲಾಗುತ್ತಿತ್ತು. ಗಾಜಿನ ತಟ್ಟೆಗಳಲ್ಲಿ ನೆಟೆಯ ಬೂಷ್ಟು ಬೆಳ್ಳಗೆ ಹಬ್ಬುವುದನ್ನು ದಿನಾ ನೋಡುತ್ತಿದ್ದೆ. ಬೇರಿನ ಸುತ್ತಲಿನ ಮಣ್ಣಿನಲ್ಲಿ ಇರುವ ಯಾವುದೋ ಸೂಕ್ಷ್ಮಜೀವಿ ಆ ಬೂಷ್ಟನ್ನು ತಡೆಯಬಹುದು ಎಂಬ ಅವಳ ಊಹೆ ಅರ್ಧ ಸರಿಯಿತ್ತು, ಅರ್ಧ ತಪ್ಪಿತ್ತು. ಯಾವುದು ಸರಿ, ಯಾವುದು ತಪ್ಪು ಎಂದು ಅವಳಿಗೆ ಉದ್ದಕ್ಕೆ ಬರೆದು ಕಳಿಸಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಹಬ್ಬಕ್ಕೆ ಶುಭಾಶಯ ಕಳಿಸಿದರೆ ಕೈಮುಗಿದ ಚಿತ್ರ ಬರುತ್ತಿತ್ತು. ಉಳಿದ ಸುದ್ದಿಯೆಲ್ಲ ಖಾಲಾನಿಂದ. ಎರಡನೇ ವರ್ಷ ಖಾಲಾ ಫೋನಿನಲ್ಲಿ ಅತ್ತರು.

"ಏಳು ತಿಂಗಳಿಗೇ ಹೆರಿಗಿ ಆತಂತ ಬೇ. ಗಂಡು ಕೂಸು. ಒಂದು ದಿನ ಸುದ್ದಾ ಉಳೀಲಿಲ್ಲ. ನೀ ಒಂದು ಫೋನ್ ಮಾಡು ಅಕಿಗೆ."

ಮಾಡಿದೆ. ಎತ್ತಲಿಲ್ಲ. ನಾಲ್ಕು ದಿನ ಮಾಡಿ ಬಿಟ್ಟೆ.

ಓದು ಮುಗಿಸಿ ಬಂದ ಮೇಲೆ ಕಲಬುರಗಿಯಲ್ಲಿ ಕೆಲಸ ಸಿಕ್ಕಿತು. ಆಳಂದ ಅಲ್ಲಿಂದ ದೂರವೇನಲ್ಲ. ಆದರೂ ಹೋಗಲು ಎಂಟು ತಿಂಗಳು ತೆಗೆದುಕೊಂಡೆ. ಹೋದ ದಿನ ಅವಳು ಅಂಗಡಿಯಲ್ಲೇ ಇದ್ದಳು. ಗಂಡ ಊಟಕ್ಕೆ ಹೋದಾಗ ಮಧ್ಯಾಹ್ನ ಅವಳು ಕೂಡುತ್ತಾಳಂತೆ. ತೆಳ್ಳಗಾಗಿದ್ದಳು, ಕನ್ನಡಕ ಬಂದಿತ್ತು. ಮುಂದೆ ನಿಂತ ರೈತನೊಬ್ಬ ಒಣಗಿದ ತೊಗರಿ ಗಿಡ ಹಿಡಿದು ಔಷಧಿ ಕೇಳುತ್ತಿದ್ದ.

"ಕಾಕಾ, ಇದಕ್ಕ ಔಷಧ ಹೊಡದ್ರ ರೊಕ್ಕ ದಂಡರಿ. ಆ ಹೊಲಕ್ಕ ಎರಡು ವರ್ಷ ತೊಗರಿ ಹಾಕಬ್ಯಾಡ್ರಿ, ಜ್ವಾಳ ಹಾಕ್ರಿ," ಎನ್ನುತ್ತಿದ್ದಳು. ಅವನು ನಂಬದೆ ಎದುರಿನ ಅಂಗಡಿಗೆ ಹೋದ. ಆಗ ಅವಳು ನನ್ನನ್ನು ನೋಡಿದಳು.

"ಬಾ," ಎಂದಳು. "ಡಾಕ್ಟರ್ ಆಗಿ ಬಂದಿ."

ಗಂಡ ಬಂದ ಮೇಲೆ ಅಂಗಡಿಯ ಹಿಂದಿನ ಮನೆಗೆ ಹೋದೆವು. ಚಹಾ ಮಾಡಿದಳು. ಜರ್ಮನಿಯ ಹವೆ, ಖಾಲಾನ ಮಂಡಿನೋವು, ಅವಳ ಅಪ್ಪನ ನಿವೃತ್ತಿ, ಎಲ್ಲ ಮಾತಾಯಿತು. ಕೂಸಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು, ಇನ್ನು ಹೇಳದಿದ್ದರೆ ಎಂದೂ ಹೇಳುವುದಿಲ್ಲ ಎನ್ನಿಸಿ, ಹೇಳಿದೆ.

"ಆ ಸ್ಕಾಟ್ಲೆಂಡಿನ ಸೀಟು... ಅದನ್ನ ಹಿಡ್ಕೊಂಡಾಕಿ ನಾನೇ ಇದ್ದೆ."

"ಗೊತ್ತದ," ಎಂದಳು.

ನಾನು ಅವಳ ಮುಖ ನೋಡಿದೆ.

"ಕಾರಹುಣ್ಣಿಮಿಗೆ ಒಂದು ವಾರ ಮೊದಲ ನಿಂಗ ಫೋನ್ ಹಚ್ಚಿದ್ದೆ. ನಿಂದು ಹತ್ತಲಿಲ್ಲ ಅಂತ ನಿಮ್ಮಪ್ಪಗ ಹಚ್ಚಿದೆ. ಭಾಳ ಖುಷಿನಾಗಿದ್ದ. ನನ್ನ ಮಗಳಿಗೆ ಎರಡೂ ದೇಶದವರು ಕರದಾರ ತಂಗಿ, ಯಾವುದಕ್ಕ ಹೋಗಬೇಕು ಅಂತ ತಿಳೀವಲ್ದಾಗ್ಯಾದ ಅಂದ. ಅದಕ್ಕೇ ಹಬ್ಬಕ್ಕ ಕರದೆ ನಿನ್ನ. ಹೊಲದಾಗ ಎರಡು ಸಲ ಕೇಳಿದೆ."

ಕೂತಲ್ಲೇ ಮುಂದೆ ಸರಿದೆ. "ಗೊತ್ತಿದ್ರ ಬಾಯಿ ಬಿಟ್ಟು ಯಾಕ ಕೇಳಲಿಲ್ಲ ಬೇ? ಬಿಡು, ನಂಗ ಬೇಕಾಗೇದ ಅಂತ ಒಂದು ಮಾತು ಅಂದಿದ್ರ ಅಲ್ಲೇ ಬಿಡ್ತಿದ್ದೆ. ಹುಣ್ಣಿಮಿ ಮಾತು ನಂಗ ಗೊತ್ತೇ ಇರಲಿಲ್ಲ."

"ಕೇಳಿದ್ಮ್ಯಾಲ ನೀ ಒಲ್ಲೆ ಅಂದಿದ್ರ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಎಷ್ಟೋ ಸಲ ತನ್ನೊಳಗೆ ಹೇಳಿ ಹೇಳಿ ಸವೆದ ಮಾತಿನಂತಿತ್ತು. "ಸೀಟು ಹೋಗತದ ಅಂತ ಗೊತ್ತಿತ್ತು. ನಿನ್ನೂ ಕಳ್ಕೊಂಡು ಆ ಅಕ್ಷತಿಗೆ ತಲಿ ಬಗ್ಗಿಸಲಿಕ್ಕ ನನ್ನ ಕೈಲಿ ಆಗ್ತಿದ್ದಿಲ್ಲ. ಅದಕ್ಕ ಕೇಳಲಿಲ್ಲ. ನೀನಾಗೇ ಹೇಳ್ತಿ ಅಂತ ಬಸ್ ಸ್ಟ್ಯಾಂಡ್‌ತನಾ ದಾರಿ ನೋಡಿದೆ."

ನಾನು ಅತ್ತೆ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನಪಡಿಸಲೂ ಇಲ್ಲ. ಕಪ್ಪುಗಳನ್ನು ಒಳಗಿಟ್ಟು ಬಂದು ಮತ್ತೆ ಎದುರಿಗೆ ಕೂತಳು.

"ಈಗ ಸೀಟು ಖಾಲಿ ಅದಾವಂತ," ಎಂದೆ. ನಾನೇನು ಹೇಳುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. "ನಮ್ಮಲ್ಲಿ ಪಿಎಚ್.ಡಿ.ಗೆ ತಗೋತಾರ. ಕಲಬುರಗಿನಾಗೇ. ನಾ ಎಲ್ಲಾ ಬರದು ಕೊಡ್ತೇನಿ. ನಿಮ್ಮ ಮನಿಯವರ ಜೋಡಿ ನಾ ಮಾತಾಡ್ತೇನಿ."

"ನೀ ಮಾತಾಡಬ್ಯಾಡ."

"ಯಾಕ?"

"ಓದೂ ಮನಸ್ಸು ಬಂದ್ರ ನಾನೇ ಮಾತಾಡ್ತೇನಿ. ಅವರು ಬ್ಯಾಡ ಅನ್ನೂ ಮನಿಷ್ಯಾ ಅಲ್ಲ. ನಿನ್ನ ಕೈಯಿಂದ ನಂಗೇನೂ ಬ್ಯಾಡ." ಕನ್ನಡಕ ತೆಗೆದು ಹೇಳಿದಳು: "ಒಂದು ಮಾತು ಹೇಳ್ತೇನಿ, ಕೆಟ್ಟ ಅನ್ಕೋಬ್ಯಾಡ. ಇನ್ನ ಬರಬ್ಯಾಡ ನೀ. ನಿನ್ನ ನೋಡಿದ್ಮ್ಯಾಲ ನಂಗ ಒಂದು ವಾರ ನಿದ್ದಿ ಬರಂಗಿಲ್ಲ. ಮತ್ತ ಆ ಹೊಲದಾಗೇ ಹೋಗಿ ಕುಂದರ್ತೇನಿ, ಮತ್ತ ಕೇಳ್ತೇನಿ, ಮತ್ತ ನೀ ಇಲ್ಲ ಅಂತಿ."

ನಾನು ಎದ್ದೆ. ಅವಳು ಬಾಗಿಲವರೆಗೆ ಬಂದಳು. ಹೊಸ್ತಿಲ ಒಳಗೇ ನಿಂತು, ರಿಕ್ಷಾ ಎಲ್ಲಿ ಸಿಗುತ್ತದೆಂದು ಮಾತ್ರ ಹೇಳಿದಳು.

ರಿಕ್ಷಾ ಬೇಕಾಗಲಿಲ್ಲ. ಅಂಗಡಿಯ ಮುಂದೆ ನನ್ನನ್ನು ನೋಡಿದ ಅವಳ ಗಂಡ ಬೈಕು ತೆಗೆದ. ಬೇಡವೆಂದರೂ ಕೇಳದೆ ಬಸ್ ನಿಲ್ದಾಣದವರೆಗೆ ಬಿಟ್ಟ. ಇಳಿದ ಮೇಲೆ ಹೆಲ್ಮೆಟ್ ತೆಗೆದು, ಸಂಕೋಚದಿಂದ, "ಮೇಡಂ, ಒಂದು ಕೇಳ್ಲೇನ್ರಿ?" ಎಂದ.

"ಕೇಳ್ರಿ."

"ಅಕಿ ಲಗ್ನಾದಾಗಿಂದ ಒಂದು ಪುಸ್ತಕ ಬಿಚ್ಚಿಲ್ಲರಿ. ಓದಿನ ಗಂಟು ಹಂಗೇ ಕಟ್ಟಿಟ್ಟಾಳ. ಓದು ಅಂದೆ, ಕಾಲೇಜಿಗೆ ಹೋಗು ಅಂದೆ. ಒಲ್ಲೆ ಅಂತಾಳ. ನಾ ಏನರ ತಪ್ಪು ಮಾಡೇನೇನೋ ಅಂತ ಒಂದೊಂದ್ಸಲ ಅನಸ್ತದರಿ. ನಿಮ್ಮ ಮುಂದ ಏನರ ಅಂದಳೇನ್ರಿ?"

ಅವನ ಹಣೆಯಲ್ಲಿ ಬೆವರಿತ್ತು. ಹೆಲ್ಮೆಟನ್ನು ಎರಡೂ ಕೈಯಲ್ಲಿ ಹಿಡಿದು ಉತ್ತರಕ್ಕೆ ಕಾಯುತ್ತಿದ್ದ.

"ನಿಮ್ಮ ತಪ್ಪು ಏನೂ ಇಲ್ಲರಿ," ಎಂದೆ. ಅಷ್ಟನ್ನಾದರೂ ನಿಜ ಹೇಳಿದೆ. ಯಾರ ತಪ್ಪು ಎಂದು ಅವನು ಕೇಳಲಿಲ್ಲ. ಕಲಬುರಗಿಯ ಬಸ್ಸು ಹೊರಡುತ್ತಿತ್ತು, ಹತ್ತಿದೆ. ಅದಾಗಿ ಎರಡು ವರ್ಷ. ನಾನು ಮತ್ತೆ ಆಳಂದಕ್ಕೆ ಹೋಗಿಲ್ಲ. ಅವಳು ಓದಲು ಶುರುಮಾಡಿದಳೋ ಇಲ್ಲವೋ ಗೊತ್ತಿಲ್ಲ. ಖಾಲಾನನ್ನು ಕೇಳಿದರೆ ತಿಳಿಯುತ್ತದೆ, ಕೇಳಿಲ್ಲ.